ಬೋರ್ಡೋ ಅಂದ್ರೆ ಮೈಲುತುತ್ತ ಮಾತ್ರ ಅಲ್ಲ

ಹೋದ ತಿಂಗಳು ಇದೇ ಪುಟದಲ್ಲಿ 1996ರ ಒಂದು ಬಾಟಲಿ ಕೆಂಪು ವೈನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸ್ಯಾಂ ಜುಲಿಯಾಂ ಊರಿನ ಲೆಯೊವಿಲ್ ಬಾರ್ಟನ್ ತೋಟದ್ದು. ಫ್ರಾನ್ಸಿನ ಬೋರ್ಡೋ ನಗರದ ನಮ್ಮ ವೈನ್ ಅಂಗಡಿಯವರು ಆರು ಜನ ದುಡ್ಡು ಹಾಕಿ ತಂದೆವು. ಒಂದು ಸೋಮವಾರ ಸಂಜೆ ಅಂಗಡಿಯ ಬಾಗಿಲು ಹಾಕಿಕೊಂಡು ಹಂಚಿಕೊಂಡೆವು. ತಲೆಗೆ ಅರ್ಧ ಲೋಟ ಬಂತು. ಅಷ್ಟಕ್ಕೇ ಇಷ್ಟು ಪತ್ರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸುತ್ತೇನೆ.

ನಮ್ಮ ಅಡಿಕೆ ತೋಟಕ್ಕೆ ಮಳೆಗಾಲದ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ನೀವಿರುವ ಊರಿನ ಹೆಸರೂ ಬೋರ್ಡೋ. ಸಂಬಂಧ ಇದೆಯಾ, ಸುಮ್ನೆ ಹೆಸರು ಒಂದೇ ಆಗಿದೆಯಾ?
— ಓದುಗರೊಬ್ಬರು, ಸಾಗರ

ಸಂಬಂಧ ಇದೆ. ಅದೂ ದೂರದ್ದಲ್ಲ. ನಾನು ಬರೆದ ವೈನ್ ಯಾವ ಊರಿನದೋ, ನಿಮ್ಮ ಔಷಧಿ ಹುಟ್ಟಿದ್ದೂ ಅದೇ ಸ್ಯಾಂ ಜುಲಿಯಾಂನ ದ್ರಾಕ್ಷಿ ತೋಟದ ಬದಿಯಲ್ಲಿ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯವಳು. ಚಿಕ್ಕವಳಿದ್ದಾಗ ಬೋರ್ಡೋ ಅಂದ್ರೆ ನೀಲಿ ಡ್ರಮ್ಮು, ಸುಣ್ಣದ ಗಂಟು, ಒಂದು ಕಿಲೋ ಮೈಲುತುತ್ತಕ್ಕೆ (ತಾಮ್ರದ ಸಲ್ಫೇಟ್) ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಪ್ಪಯ್ಯ ಕತ್ತಿಯ ತುದಿಯನ್ನು ಅದ್ದಿ ಎತ್ತಿ ನೋಡುತ್ತಿದ್ದರು. ತಾಮ್ರದ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣದ ನೀರು. ಅದೊಂದು ಊರಿನ ಹೆಸರು ಅಂತ ಗೊತ್ತಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಆ ಊರಿನಲ್ಲೇ ಹದಿನಾಲ್ಕು ವರ್ಷ ಸಂಸಾರ ಮಾಡುತ್ತೇನೆ ಅಂತ ಮಾತ್ರ ಕನಸಲ್ಲೂ ಅಂದುಕೊಂಡಿರಲಿಲ್ಲ.

ಕಥೆ ಹೀಗೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೋಕ್ಸೆರಾ ಎಂಬ ಸಣ್ಣ ಹೇನು ಫ್ರಾನ್ಸಿನ ದ್ರಾಕ್ಷಿ ಬಳ್ಳಿಯ ಬೇರು ತಿನ್ನತೊಡಗಿತು. ತೋಟಕ್ಕೆ ತೋಟವೇ ಒಣಗಿತು. ಆ ಹೇನನ್ನು ತಡೆದುಕೊಳ್ಳುವ ಬೇರು ಅಮೆರಿಕದ ಕಾಡು ಬಳ್ಳಿಗಿತ್ತು. ಹಾಗಾಗಿ ಅಲ್ಲಿಂದಲೇ ಗಿಡ ತರಿಸಿದರು. ಗಿಡದ ಜೊತೆ ಇನ್ನೊಂದು ಪೀಡೆಯೂ ಬಂತು, ಎಲೆ ಉದುರಿಸುವ ಬೂಷ್ಟು ರೋಗ, ಡೌನಿ ಮಿಲ್ಡ್ಯೂ. ಅದು ಫ್ರಾನ್ಸಿನಲ್ಲಿ ಕಾಣಿಸಿಕೊಂಡದ್ದು 1878ರಲ್ಲಿ.

1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಯಾರ್ದೆ ಸ್ಯಾಂ ಜುಲಿಯಾಂನ ಬೋಕಾಯು ತೋಟದ ದಾರಿಯಲ್ಲಿ ಹೋಗುತ್ತಿದ್ದರು. ಒಳಗಿನ ಬಳ್ಳಿಗಳೆಲ್ಲ ಬೋಳು. ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿದೆ. ತೋಟದ ಮೇಲ್ವಿಚಾರಕರನ್ನು ಕೇಳಿದರೆ, ದಾರಿಹೋಕರು ಹಣ್ಣು ಕೀಳಬಾರದು ಅಂತ ಮೈಲುತುತ್ತ ಸುಣ್ಣ ಕಲಸಿ ಎರಚಿದ್ದೇವೆ ಅಂದರು. ನೀಲಿ ಬಳಿದ ಹಣ್ಣನ್ನು ಯಾರು ತಿನ್ನುತ್ತಾರೆ? ಕಳ್ಳರನ್ನು ಹೆದರಿಸಲು ಹಾಕಿದ್ದು ರೋಗವನ್ನು ತಡೆದಿತ್ತು. ಮಿಯಾರ್ದೆ ಅದನ್ನು ಹಿಡಿದು ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು.

ಅಲ್ಲಿಂದ ಮಲೆನಾಡಿಗೆ ಬರಲು ತುಂಬಾ ಕಾಲ ಬೇಕಾಗಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಕೊನೆಗೆ ಬೋರ್ಡೋ ಹೊಡೆಯುವುದನ್ನು ನಮ್ಮವರಿಗೆ ರೂಢಿ ಮಾಡಿಸಿದರು. ಅದಕ್ಕೆ ಮುಂಚೆ ಗೊನೆ ನೆನೆಯದ ಹಾಗೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿತ್ತು.

ಎರಡು ವರ್ಷದ ಹಿಂದೆ ಅಪ್ಪಯ್ಯ ಬಂದಿದ್ದಾಗ ಸ್ಯಾಂ ಜುಲಿಯಾಂಗೆ ಕರೆದುಕೊಂಡು ಹೋಗಿದ್ದೆ. ಅರಮನೆಯಂಥ ಮನೆಗಳನ್ನು ಅವರು ಕತ್ತೆತ್ತಿಯೂ ನೋಡಲಿಲ್ಲ. ಬಳ್ಳಿಯ ಎಲೆಯನ್ನು ಹೆಬ್ಬೆರಳಲ್ಲಿ ಉಜ್ಜಿ, ಮೂಸಿ, "ಸುಣ್ಣ ಸ್ವಲ್ಪ ಕಮ್ಮಿ ಹಾಕಿದಾರೆ" ಅಂದರು. ಪಕ್ಕದಲ್ಲಿದ್ದ ತೋಟದ ಹುಡುಗನಿಗೆ ಅದನ್ನು ಫ್ರೆಂಚಿನಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಒಂದು ಮಾತು, ತೋಟ ಇರುವವರಿಗಾಗಿ. ತಾಮ್ರ ಮಣ್ಣಿಂದ ಎಲ್ಲೂ ಹೋಗುವುದಿಲ್ಲ, ಅಲ್ಲೇ ಕೂರುತ್ತದೆ. ಯುರೋಪಿನಲ್ಲಿ ಈಗ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರದ ಮಿತಿ ಇದೆ. ಇಲ್ಲಿಯ ಸಾವಯವ ಬೆಳೆಗಾರರಿಗೆ ಅದೇ ದೊಡ್ಡ ತಲೆನೋವು.

ವೈನ್ ಬಗ್ಗೆ ಬರೆಯುವವರು ಏನೇನೋ ಹೂವು ಹಣ್ಣುಗಳ ಹೆಸರು ಹೇಳುತ್ತಾರೆ. ಆ 1996ರ ವೈನ್ ನಿಜಕ್ಕೂ ಹೇಗಿತ್ತು? ನಮಗೆ ಗೊತ್ತಾಗೋ ಹಾಗೆ ಹೇಳಿ.
— ಓದುಗರೊಬ್ಬರು, ಮೈಸೂರು

ಕೇಳಿದ್ದು ಒಳ್ಳೆಯದಾಯಿತು. ಇಲ್ಲಿ ಪಾಠ ಕಲಿಯುವಾಗ ಮೊದಲ ವರ್ಷ ನಾನು ಬಾಯಿಪಾಠ ಹೊಡೆದಿದ್ದೆ. ಕಾಸಿಸ್ ಹಣ್ಣು ಅಂತ ಎಲ್ಲರೂ ಬರೆದರೆ ನಾನೂ ಬರೆಯುತ್ತಿದ್ದೆ. ಕಾಸಿಸ್ ಹಣ್ಣನ್ನು ಕಣ್ಣಲ್ಲಿ ನೋಡಿದ್ದು ಆಮೇಲೆ. ಈಗ ನನ್ನ ನೋಟ್ ಪುಸ್ತಕ ಪೂರ್ತಿ ಕನ್ನಡದಲ್ಲಿದೆ. ನಮ್ಮ ಮೂಗಿಗೆ ನಮ್ಮದೇ ನೆನಪು ಇರುತ್ತದೆ ಅಲ್ವಾ.

ಮೊದಲು ಬಣ್ಣ. ಹೊಸ ಬೋರ್ಡೋ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದ್ದು. ಇದು ಹಾಗಿರಲಿಲ್ಲ. ಲೋಟ ಓರೆ ಮಾಡಿ ಬಿಳಿ ಕಾಗದದ ಮೇಲೆ ಹಿಡಿದರೆ ನಡುವೆ ಕಡುಕೆಂಪು, ಅಂಚಿನಲ್ಲಿ ಮಳೆ ಬಿಸಿಲು ಕಂಡ ಹಳೇ ಮಂಗಳೂರು ಹಂಚಿನ ಬಣ್ಣ.

ಮುಚ್ಚಳ ತೆಗೆದ ತಕ್ಷಣ ಏನೂ ಹೇಳಿಕೊಳ್ಳುವಂಥ ವಾಸನೆ ಇರಲಿಲ್ಲ. ಬಹಳ ದಿನ ಮುಚ್ಚಿಟ್ಟ ಕೋಣೆಯದು ಅಷ್ಟೆ. ಹತ್ತು ನಿಮಿಷಕ್ಕೆ ಪೆನ್ಸಿಲ್ ಬಂತು. ಮೇಷ್ಟ್ರ ಮೇಜಿನ ಹತ್ತಿರ ನಿಂತು ಪೆನ್ಸಿಲ್ ಕೆತ್ತುತ್ತಿದ್ದೆವಲ್ಲ, ಆ ಮರದ ಸಿಪ್ಪೆ, ಸೀಸ ಎರಡೂ. ಆಮೇಲೆ ಅಜ್ಜನ ಎಲೆಅಡಿಕೆ ತಟ್ಟೆಯ ಹೊಗೆಸೊಪ್ಪು. ಇನ್ನೂ ಸ್ವಲ್ಪ ಹೊತ್ತಿಗೆ ತೋಟದ ದರಗಿನ ಮೇಲೆ ಮೊದಲ ಮಳೆ ಬಿದ್ದ ವಾಸನೆ. ಹಣ್ಣು ಇತ್ತು, ಆದರೆ ಹಿಂದೆ ಸರಿದು ನಿಂತಿತ್ತು. ತಾಜಾ ಹಣ್ಣಲ್ಲ, ಒಣಗಿಸಿದ ನೇರಳೆ ಅಂತ ಇದ್ದರೆ ಹಾಗಿರಬಹುದು.

ಇನ್ನು ಬಾಯಿ. ಇಲ್ಲಿ ನಮ್ಮ ಭಾಷೆ ಭಾರಿ ಉಪಯೋಗಕ್ಕೆ ಬರುತ್ತದೆ. ಟ್ಯಾನಿನ್ ಅನ್ನುವುದನ್ನು ಇಂಗ್ಲಿಷಿನವರಿಗೆ ವಿವರಿಸಲು ಪುಟಗಟ್ಟಲೆ ಬೇಕು. ನಮಗೆ ಒಂದು ಮಾತು ಸಾಕು, ಒಗರು. ಎಳೆ ಅಡಿಕೆ ಅಗಿದಾಗ, ಗೇರುಹಣ್ಣು ಕಚ್ಚಿದಾಗ ನಾಲಿಗೆ ಎಳೆದು ಹಿಡಿಯುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ, ಓಕ್ ಮರದ ಪೀಪಾಯಿಯಿಂದಲೂ ಸ್ವಲ್ಪ ಬರುತ್ತದೆ. ಲೆಯೊವಿಲ್ ಬಾರ್ಟನ್‌ನಲ್ಲಿ ಹೆಚ್ಚಿನ ಪಾಲು ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿ. ಅದರ ಕಾಯಿ ಸಣ್ಣದು, ಸಿಪ್ಪೆ ದಪ್ಪ. ಹಾಗಾಗಿ ಒಗರು ಜಾಸ್ತಿ. ಹೊಸದರಲ್ಲಿ ಇದನ್ನು ಕುಡಿದರೆ ಮುಖ ಸಿಂಡರಿಸಬೇಕು.

ಬಾಟಲಿಯೊಳಗೆ ವರ್ಷಗಟ್ಟಲೆ ಏನಾಗುತ್ತದೆ ಅಂದರೆ, ಈ ಒಗರಿನ ಕಣಗಳು ಒಂದಕ್ಕೊಂದು, ಬಣ್ಣದ ಕಣಕ್ಕೂ, ಅಂಟಿಕೊಂಡು ದೊಡ್ಡದಾಗುತ್ತವೆ. ಭಾರವಾದವು ತಳಕ್ಕೆ ಇಳಿಯುತ್ತವೆ. ಅದೇ ಹಳೇ ಬಾಟಲಿಯ ಗಷ್ಟು. ಬಣ್ಣ ತೆಳುವಾಗುತ್ತದೆ, ನಾಲಿಗೆ ಹಿಡಿಯುವುದು ಕಮ್ಮಿಯಾಗುತ್ತದೆ. ಅಡಿಕೆ ಬೇಯಿಸುವ ಮನೆಯವರಿಗೆ ಇದನ್ನು ಇನ್ನೂ ಸುಲಭದಲ್ಲಿ ಹೇಳಬಹುದು. ಹಂಡೆಯಲ್ಲಿ ಉಳಿದ ಚೊಗರನ್ನು, ಅಂದರೆ ಅಡಿಕೆ ಬೇಯಿಸಿದ ನೀರನ್ನು, ಮುಂದಿನ ವರ್ಷಕ್ಕೆ ಎತ್ತಿಡುತ್ತೇವಲ್ಲ, ತಳದಲ್ಲಿ ಮಂದವಾಗಿ ಕೂತಿರುತ್ತದೆ. ನೋಡಲು ಹಾಗೇ. ನನ್ನ ಪುಸ್ತಕದಲ್ಲಿ ಆ ಸಂಜೆಯ ಪುಟದ ಮೇಲೆ "ಹಳೇ ಚೊಗರು, ಸಿಹಿ ಇಲ್ಲ, ಹುಳಿ ಸರಿಯಾಗಿದೆ, ನುಂಗಿದ ಮೇಲೆ ಬಹಳ ಹೊತ್ತು ಉಳಿಯಿತು" ಅಂತ ಬರೆದಿದೆ. ನಲವತ್ತು ನಿಮಿಷ ಚೆನ್ನಾಗಿತ್ತು. ಒಂದು ಗಂಟೆಯ ಮೇಲೆ ಲೋಟದಲ್ಲಿ ಉಳಿದದ್ದು ಸೋತು ಕೂತಿತ್ತು. ಹಳೇ ವೈನ್ ಕಾಯುವುದಿಲ್ಲ.

1996 ಯಾಕೆ ಅಂದರೆ, ಆ ವರ್ಷ ಸ್ಯಾಂ ಜುಲಿಯಾಂ ಇರುವ ಮೆದೊಕ್ ಸೀಮೆಯಲ್ಲಿ ಸೆಪ್ಟೆಂಬರಿನಲ್ಲಿ ಒಳ್ಳೆಯ ಒಣ ಹವೆ ಇತ್ತು. ತಡವಾಗಿ ಹಣ್ಣಾಗುವ ಕ್ಯಾಬರ್ನೆಗೆ ಅದೇ ಬೇಕಿತ್ತು.

ಈ ಬಾರ್ಟನ್ ಯಾರು? ಹೆಸರು ಇಂಗ್ಲಿಷಿನದ್ದಲ್ಲವಾ? ಲೇಬಲ್ ಮೇಲಿನ ಗ್ರಾಂ ಕ್ರೂ ಕ್ಲಾಸೆ ಅಂದರೆ ಏನು?
— ಓದುಗರೊಬ್ಬರು, ಬೆಂಗಳೂರು

ಐರಿಷ್. ಥಾಮಸ್ ಬಾರ್ಟನ್ ಎಂಬ ವ್ಯಾಪಾರಿ ಬೋರ್ಡೋಗೆ ಬಂದು 1725ರಲ್ಲಿ ವೈನ್ ವಹಿವಾಟು ಹೂಡಿದ. ಅವನ ಮೊಮ್ಮಗ ಹ್ಯೂ 1821ರಲ್ಲಿ ಲಾಂಗೊವಾ ತೋಟ ಕೊಂಡ. ಪಕ್ಕದ ಲೆಯೊವಿಲ್ ಬಹಳ ದೊಡ್ಡ ತೋಟ. ಫ್ರೆಂಚ್ ಕ್ರಾಂತಿಯ ಗಲಾಟೆಯ ನಂತರ ಅದು ಪಾಲಾಗುತ್ತಾ ಬಂತು. ಅದರ ಒಂದು ಪಾಲು 1826ರಲ್ಲಿ ಹ್ಯೂ ಕೈಗೆ ಬಂತು. ಉಳಿದ ಎರಡು ಈಗ ಲೆಯೊವಿಲ್ ಲಾಸ್ ಕಾಸ್, ಲೆಯೊವಿಲ್ ಪುವಾಫೆರೆ. ತೋಟದ ಪಾಲು ಸಿಕ್ಕಿತು, ಮನೆ ಸಿಗಲಿಲ್ಲ. ಅದಕ್ಕೇ ಲೆಯೊವಿಲ್ ಬಾರ್ಟನ್ ಲೇಬಲ್ ಮೇಲೆ ಇರುವ ಚಿತ್ರ ಲಾಂಗೊವಾದ ಮನೆಯದು. ಅಣ್ಣತಮ್ಮಂದಿರ ಪಾಲಿನ ಜಗಳ ಕಂಡ ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ.

ಎರಡೂ ಇನ್ನೂ ಅದೇ ಮನೆತನದ ಕೈಯಲ್ಲಿವೆ. 1996ರ ವೈನ್ ಮಾಡಿಸಿದ್ದು ಆಂಥನಿ ಬಾರ್ಟನ್. 2022ರಲ್ಲಿ ತೀರಿಕೊಂಡರು. ಸುತ್ತಲಿನವರು ದರ ಏರಿಸುತ್ತಿದ್ದಾಗಲೂ ಇವರು ಅಳತೆ ಮೀರಲಿಲ್ಲ ಅಂತ ಇಲ್ಲಿಯ ವ್ಯಾಪಾರಿಗಳು ಈಗಲೂ ನೆನೆಯುತ್ತಾರೆ.

ಗ್ರಾಂ ಕ್ರೂ ಕ್ಲಾಸೆ ಅಂದರೆ ದರ್ಜೆ ಪಟ್ಟಿಯಲ್ಲಿ ಹೆಸರಿರುವ ತೋಟ. 1855ರಲ್ಲಿ ಮೂರನೇ ನೆಪೋಲಿಯನ್ ಪ್ಯಾರಿಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಸಿದ. ಅದಕ್ಕಾಗಿ ಬೋರ್ಡೋದ ವೈನ್ ದಲ್ಲಾಳಿಗಳು ಒಂದು ಪಟ್ಟಿ ಮಾಡಿಕೊಟ್ಟರು. ಕೆಂಪು ವೈನಿಗೆ ಐದು ದರ್ಜೆ. ಆಧಾರ? ಯಾವ ತೋಟದ ವೈನ್ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತು ಅನ್ನುವುದು. ಲೆಯೊವಿಲ್ ಬಾರ್ಟನ್ ಎರಡನೇ ದರ್ಜೆಗೆ ಬಂತು. ಆ ಪಟ್ಟಿಯಲ್ಲಿ ಒಂದನ್ನು ಬಿಟ್ಟು ಎಲ್ಲ ಕೆಂಪು ವೈನೂ ಮೆದೊಕ್‌ನದೇ. ನದಿಯಾಚೆಯ ಸ್ಯಾಂತ್ ಎಮಿಲಿಯೋಂ, ಪೊಮೆರೋಲ್ ಲೆಕ್ಕಕ್ಕೇ ಬರಲಿಲ್ಲ. ದರ್ಜೆ ಏರಿದ ದೊಡ್ಡ ಉದಾಹರಣೆ ಒಂದೇ, 1973ರಲ್ಲಿ ಮುತೋಂ ರೋತ್‌ಶೀಲ್ಡ್ ಎರಡರಿಂದ ಒಂದಕ್ಕೆ ಹೋದದ್ದು. ಆಗ ಸಹಿ ಹಾಕಿದ ಕೃಷಿ ಮಂತ್ರಿ ಜಾಕ್ ಶಿರಾಕ್, ಆಮೇಲೆ ರಾಷ್ಟ್ರಪತಿಯಾದವರು.

ನನಗೆ ಇದು ಸ್ವಲ್ಪ ತಮಾಷೆ ಅನಿಸುತ್ತದೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಪ್ರತಿ ಸಲ ಮೂಟೆ ಬಿಚ್ಚಿ, ಕೈಯಾಡಿಸಿ ನೋಡಿ ದರ ಹೇಳುತ್ತಾರೆ. ಇಲ್ಲಿ ಮುತ್ತಜ್ಜನ ಕಾಲದಲ್ಲಿ ಬಂದ ದರವನ್ನು ಮರಿಮಗನ ಲೇಬಲ್ ಮೇಲೂ ಅಚ್ಚು ಹಾಕಿಸುತ್ತಾರೆ. ನಡುವೆ ತೋಟ ಕೊಂಡರೂ ಮಾರಿದರೂ ದರ್ಜೆ ಹೆಸರಿಗೆ ಅಂಟಿಕೊಂಡಿರುತ್ತದೆ. ಆದರೂ ಒಂದು ಮಾತು ಒಪ್ಪಬೇಕು. ಆ ದಲ್ಲಾಳಿಗಳು ತಮ್ಮ ಕೆಲಸ ಬಲ್ಲವರು. ಒಂದನೇ ದರ್ಜೆಯಲ್ಲಿ ಅವತ್ತು ಹಾಕಿದ ನಾಲ್ಕೂ ಹೆಸರು ಇವತ್ತಿಗೂ ಕೆಳಗೆ ಬಿದ್ದಿಲ್ಲ.

ವೈನ್ ಮಾಡುವಾಗ ಮೊಟ್ಟೆ ಹಾಕುತ್ತಾರೆ ಅಂತ ಮಗ ಹೇಳುತ್ತಾನೆ. ನಾವು ಶುದ್ಧ ಸಸ್ಯಾಹಾರಿಗಳು. ಹೌದಾ?
— ಓದುಗರೊಬ್ಬರು, ಉಡುಪಿ

ಮಗ ಹೇಳಿದ್ದು ನಿಜ. ಎಲ್ಲ ವೈನಿಗೂ ಅಲ್ಲ. ಬೋರ್ಡೋದ ಹಳೇ ಪದ್ಧತಿಯಲ್ಲಿ 225 ಲೀಟರಿನ ಒಂದು ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ ಕಲಸಿ ಬಿಡುತ್ತಾರೆ. ಅದು ಒರಟು ಒಗರನ್ನೂ ತೇಲುವ ಕಸವನ್ನೂ ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬೇರೆ ಪೀಪಾಯಿಗೆ ಇಳಿಸುತ್ತಾರೆ. ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಗೆ ಬೆಂಡೆಗಿಡದ ಲೋಳೆ ಹಾಕಿ ಕಸ ತೆಗೆಯುತ್ತಾರಲ್ಲ, ಕೆಲಸ ಅದೇ. ಅಲ್ಲಿ ಕಸ ಮೇಲೆ ಬರುತ್ತದೆ, ಇಲ್ಲಿ ಕೆಳಗೆ ಹೋಗುತ್ತದೆ.

ಮೊಟ್ಟೆಯ ಬಿಳಿಯೆಲ್ಲ ವೈನಿಗೆ ಹೋದರೆ ಉಳಿದ ಹಳದಿ ಏನಾಗುತ್ತಿತ್ತು? ಅದರಿಂದಲೇ ಕನೆಲೆ ಎಂಬ ಪುಟ್ಟ ಕೇಕು ಹುಟ್ಟಿತು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಹೊರಗೆ ಕರಕಲು, ಒಳಗೆ ಮೆತ್ತಗೆ. ಕಥೆ ನಿಜವೋ ಸುಳ್ಳೋ, ಕೇಕು ಚೆನ್ನಾಗಿರುತ್ತದೆ. ನೀವು ಅದನ್ನೂ ತಿನ್ನುವ ಹಾಗಿಲ್ಲ ಅನ್ನಿ.

ನಿಮ್ಮ ಉಪಯೋಗಕ್ಕೆ: ಈಗ ಬಟಾಣಿ ಪ್ರೋಟೀನಿನಿಂದ, ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದ ತಿಳಿ ಮಾಡುವವರೂ ಇದ್ದಾರೆ, ಏನೂ ಹಾಕದವರೂ ಇದ್ದಾರೆ. ಬಾಟಲಿ ಮೇಲೆ ವೀಗನ್ ಅಂತ ಇದ್ದರೆ ಅನುಮಾನ ಇಲ್ಲ. ನಮ್ಮ ಮನೆಗೂ ಮೊಟ್ಟೆ ತರುತ್ತಿರಲಿಲ್ಲ. ಈ ವಿಷಯ ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಅವರು ಈ ಪತ್ರಿಕೆ ಓದುತ್ತಾರೆ, ಈಗ ಗೊತ್ತಾಯಿತು.

ಮಗಳು ಫ್ರಾನ್ಸಿನಿಂದ ತಂದ 2013ರ ಬೋರ್ಡೋ ನಮ್ಮ ಹಾಲಿನ ಶೋಕೇಸಿನಲ್ಲಿದೆ. ಹಳೇದಾದಷ್ಟೂ ಬೆಲೆ ಏರುತ್ತದಂತೆ. ಇನ್ನೂ ಎಷ್ಟು ವರ್ಷ ಇಡಬೇಕು?
— ಓದುಗರೊಬ್ಬರು, ದಾವಣಗೆರೆ

ಬರುವ ಭಾನುವಾರದವರೆಗೆ.

ಬೇಜಾರು ಮಾಡಿಕೊಳ್ಳಬೇಡಿ. ಹಳೇದಾದಷ್ಟೂ ಒಳ್ಳೆಯದು ಅನ್ನುವ ಮಾತು ಬಹಳ ಕಮ್ಮಿ ವೈನಿಗೆ ಸಲ್ಲುತ್ತದೆ. ಪತ್ರದ ಜೊತೆ ನೀವು ಕಳಿಸಿದ ಫೋಟೋದಲ್ಲಿ ಲೇಬಲ್ ಮೇಲೆ ಬರೀ ಬೋರ್ಡೋ ಅಂತ ಇದೆ, ಯಾವ ಊರಿನ ಹೆಸರೂ ಇಲ್ಲ. ಅಂಥದ್ದನ್ನು ಮೂರು, ನಾಲ್ಕು, ಹೆಚ್ಚೆಂದರೆ ಐದಾರು ವರ್ಷದಲ್ಲಿ ಕುಡಿದು ಮುಗಿಸಲಿ ಅಂತಲೇ ಮಾಡಿರುತ್ತಾರೆ. 2013 ಬೇರೆ ಇಲ್ಲಿ ಕೆಟ್ಟ ವರ್ಷ. ಚಳಿ, ಮಳೆ, ಹಣ್ಣು ಸರಿಯಾಗಿ ಬಲಿಯಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ನಿಮ್ಮ ಶೋಕೇಸು. ವೈನಿಗೆ ಬೇಕಾದ್ದು 12ರಿಂದ 14 ಡಿಗ್ರಿ, ಕತ್ತಲು, ಸ್ವಲ್ಪ ತೇವ, ಅಡ್ಡ ಮಲಗಿಸಿಡುವುದು. ಮಲಗಿಸಿದರೆ ಬಿರಡೆ ನೆನೆದಿರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ನಿಮ್ಮ ಬಾಟಲಿ ದಾವಣಗೆರೆಯ ಇಷ್ಟೊಂದು ಬೇಸಿಗೆಗಳನ್ನು ಟ್ಯೂಬ್‌ಲೈಟಿನ ಕೆಳಗೆ ನಿಂತುಕೊಂಡು ಕಳೆದಿದೆ. ನಾವು ಕುಡಿದ 1996 ಮೂವತ್ತು ವರ್ಷ ನೆಲಮಾಳಿಗೆಯಿಂದ ಅಲ್ಲಾಡಿರಲಿಲ್ಲ. ವಯಸ್ಸು ಒಂದೇ ಸಾಲದು, ಆ ವಯಸ್ಸನ್ನು ಎಲ್ಲಿ ಕಳೆಯಿತು ಅನ್ನುವುದೂ ಮುಖ್ಯ.

ತೆಗೆಯಿರಿ. ಕಾದ ಜಾಮಿನ ವಾಸನೆ ಬಂದರೆ ಸೆಕೆಗೆ ಬೆಂದಿದೆ ಅಂತ. ಹುಳಿ ಮೂಗಿಗೆ ಹೊಡೆದರೆ ವಿನಿಗರ್ ಆಗುತ್ತಿದೆ ಅಂತ. ಒದ್ದೆ ಗೋಣಿಚೀಲದ ವಾಸನೆ ಬಂದರೆ ತಪ್ಪು ಬಿರಡೆಯದು, ಶೋಕೇಸಿನದಲ್ಲ. ಯಾವುದರಿಂದಲೂ ಜೀವಕ್ಕೆ ಅಪಾಯ ಇಲ್ಲ, ಬಾಯಿ ಕೆಡುತ್ತದೆ ಅಷ್ಟೆ. ಮಗಳಿಗೆ ಚೆನ್ನಾಗಿತ್ತು ಅಂತಲೇ ಹೇಳಿ.

ಹೃದಯಕ್ಕೆ ಒಳ್ಳೆಯದು ಅಂತ ದಿನಾ ಒಂದು ಲೋಟ ಕೆಂಪು ವೈನ್ ಶುರು ಮಾಡಬಹುದಾ?
— ಓದುಗರೊಬ್ಬರು, ಕಲಬುರಗಿ

ಬೇಡ. ಆರೋಗ್ಯಕ್ಕೆ ಕೇಡಿಲ್ಲದ ಮದ್ಯದ ಪ್ರಮಾಣ ಅಂತ ಒಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಫ್ರಾನ್ಸಿನಲ್ಲೇ 1991ರಿಂದ ಮದ್ಯದ ಜಾಹೀರಾತಿಗೆ ಬಿಗಿ ಕಾನೂನಿದೆ. ನಾನು ವೈನ್ ಮಾರುವವಳು, ಔಷಧಿ ಅಂಗಡಿಯವಳಲ್ಲ. ಇಲ್ಲಿವರೆಗೆ ಕುಡಿಯದವರು ಹೊಸದಾಗಿ ಶುರು ಮಾಡಬೇಕಾದ ಕಾರಣ ಯಾವುದೂ ಇಲ್ಲ.

ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಬೋರ್ಡೋ ಥರದ ವೈನ್ ಆಗುವುದಿಲ್ಲವಾ?
— ಓದುಗರೊಬ್ಬರು, ಚಿಕ್ಕಬಳ್ಳಾಪುರ

ಆಗುವುದಿಲ್ಲ, ಅದು ಬೇರೆ ಕುಲದ್ದು. ಬೆಂಗಳೂರು ಬ್ಲೂ ಅಮೆರಿಕದ ಲಬ್ರಸ್ಕಾ ಬಳ್ಳಿಯ ರಕ್ತ ಇರುವ ತಳಿ, ಇಸಬೆಲ್ಲಾ ಬಳಗದ್ದು. ಬಾಯಿಗೆ ಹಾಕಿದ ಕೂಡಲೇ ಬರುವ ಆ ಘಾಟು ಪರಿಮಳ ಅಲ್ಲಿಂದಲೇ ಬಂದದ್ದು. ಜ್ಯೂಸಿಗೆ, ಸಿಹಿ ಪೋರ್ಟ್ ವೈನಿಗೆ ಚೆನ್ನ. ಫ್ರಾನ್ಸಿನಲ್ಲಿ 1934ರ ಕಾನೂನು ಇಸಬೆಲ್ಲಾ ಸೇರಿ ಆರು ತಳಿಗಳಿಗೆ ನಿಷೇಧ ಹಾಕಿತು. ತಮಾಷೆ ನೋಡಿ. ಅಮೆರಿಕದ ಹಣ್ಣು ಬೇಡ ಅಂದವರ ತೋಟವೆಲ್ಲ ನಿಂತಿರುವುದು ಅಮೆರಿಕದ ಬೇರಿನ ಮೇಲೆ. ಲೆಯೊವಿಲ್‌ನ ಕ್ಯಾಬರ್ನೆಯನ್ನೂ ಹಾಗೇ ಕಸಿ ಕಟ್ಟಿರುತ್ತಾರೆ. ವಿಜಯಪುರದ ಬೆಳೆಗಾರರು ಡಾಗ್ರಿಜ್ ಎಂಬ ಬಳ್ಳಿಯ ಬೇರಿಗೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕದ ಕಡೆಯದೇ.

ಹಳೇ ಬಾಟಲಿಯ ಬಿರಡೆ ತೆಗೆಯುವಾಗ ಪುಡಿಯಾದರೆ ಏನು ಮಾಡಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಎಲ್ಲರಿಗೂ ಆಗುತ್ತದೆ, ಆ ಸೋಮವಾರ ನನಗೇ ಆಯಿತು. ಬಾಟಲಿಯನ್ನು ಒಂದು ದಿನ ಮುಂಚೆಯೇ ನೆಟ್ಟಗೆ ನಿಲ್ಲಿಸಿಡಿ, ಗಷ್ಟು ಕೆಳಗಿಳಿಯಲಿ. ತಿರುಪಿನ ಓಪನರ್ ಬೇಡ. ಎರಡು ತೆಳು ತಗಡಿನ ಕಾಲಿರುವ ಓಪನರ್ ಸಿಗುತ್ತದೆ, ಅದನ್ನು ಬಿರಡೆಯ ಎರಡು ಬದಿಗೆ ಇಳಿಸಿ ತಿರುಗಿಸುತ್ತಾ ಎಳೆಯಬೇಕು. ನಾನು ಆತುರಕ್ಕೆ ತಿರುಪಿನದ್ದೇ ಹಾಕಿದೆ. ಅರ್ಧ ಬಿರಡೆ ಕೈಗೆ ಬಂತು, ಅರ್ಧ ಪುಡಿಪುಡಿಯಾಗಿ ಒಳಗೆ ಬಿತ್ತು. ಐದು ಜನ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು, ಎಲ್ಲರ ದುಡ್ಡೂ ಅದರಲ್ಲಿತ್ತು. ಬ್ಯಾಗಿನಲ್ಲಿ ಊರಿಂದ ತಂದ ಚಹಾ ಸೋಸುವ ಜರಡಿ ಇತ್ತು. ಅದನ್ನು ಬಿಸಿನೀರಲ್ಲಿ ತೊಳೆದು ಗಾಜಿನ ಹೂಜಿಯ ಬಾಯಿಗಿಟ್ಟು, ಕೆಳಗೆ ಮೊಂಬತ್ತಿ ಹಚ್ಚಿ, ಗಷ್ಟು ಕುತ್ತಿಗೆಗೆ ಬರುವವರೆಗೆ ನಿಧಾನಕ್ಕೆ ಬಗ್ಗಿಸಿದೆ. ಅಂಗಡಿಯ ಹಿರಿಯರು ಜರಡಿ ನೋಡಿ ಮುಖ ಆ ಕಡೆ ತಿರುಗಿಸಿದರು. ಮೊದಲ ಲೋಟ ಅವರಿಗೇ ಕೊಟ್ಟೆ.